‘ವೃಕ್ಷವಿಶೇಷ’ವೆಂಬ ಟೀಕೆಯೂ ಬೆಂಗಳೂರಿನ ಉದ್ಯಾನಗಳೂ

ಪ್ರಾಚೀನ ಕಾವ್ಯಗಳ ಟೀಕೆಗಳಲ್ಲಿ ಗಿಡಮರಗಳ ಹೆಸರು ಬಂದೊಡನೆ ‘ವೃಕ್ಷವಿಶೇಷ’, ‘ಲತಾವಿಶೇಷ’, ‘ಒಂದು ಬಗೆಯ ಹೂ’ ಎಂದಿಷ್ಟೇ ಬರೆದು ಮುಂದುವರಿಯುವ ಪದ್ಧತಿ ವಿದ್ವಾಂಸರಿಗೆ ವಿದಿತವೇ ಆಗಿದೆ. ಹಿಂದಿನ ಟೀಕಾಕಾರರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವರ ಓದುಗರಿಗೆ ಆ ಮರವು ಊರ ಮುಂದಣ ತೋಪಿನಲ್ಲಿಯೋ ದೇವಾಲಯದ ಹಿಂದಣ ವನದಲ್ಲಿಯೋ ಪ್ರತ್ಯಕ್ಷವಾಗಿದ್ದಿತು; ಕಣ್ಣೆದುರಿಗೆ ಇರುವ ವಸ್ತುವಿಗೆ ಲಕ್ಷಣವಾಕ್ಯ ಬೇಕಾಗಿರಲಿಲ್ಲ. ಈಗಲಾದರೋ ಅದೇ ಟೀಕೆಯನ್ನು ಉಪಾಧ್ಯಾಯರು ಕರಿಹಲಗೆಯ ಮೇಲೆ ಬರೆಯುವರು, ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಒಪ್ಪಿಸುವರು. ಮರವನ್ನು ಇಬ್ಬರೂ ಕಂಡಿರುವುದಿಲ್ಲ. ಅರ್ಥವನ್ನು ತಿಳಿಸಬೇಕಾದ ಶಬ್ದವೇ ಅರ್ಥದ ಅಭಾವವನ್ನು ಮರೆಸುತ್ತಿದೆ.

ಸಂಸ್ಕೃತ ಪಾಠಶಾಲೆಗಳಲ್ಲಿ ಅಮರಕೋಶದ ಎರಡನೆಯ ಕಾಂಡದ ವನೌಷಧಿವರ್ಗವನ್ನು ಬಾಲಕರು ಕಂಠಪಾಠ ಮಾಡುವ ಸಂಪ್ರದಾಯವುಂಟು. ಆ ವರ್ಗದ ನಾಮಗಳನೇಕವು ಬರಿಯ ಹೆಸರುಗಳಲ್ಲ, ಅಡಕವಾದ ವರ್ಣನೆಗಳು. ಸಪ್ತಪರ್ಣಕ್ಕೆ ‘ವಿಷಮಚ್ಛದ’ವೆಂದೂ ‘ಶಾರದ’ವೆಂದೂ ಪರ್ಯಾಯಗಳಿವೆ: ಎಲೆಗಳ ಸಂಖ್ಯೆ ಬೆಸವೆಂದು ಒಂದು, ಶರತ್ಕಾಲದಲ್ಲಿ ಹೂಬಿಡುವುದೆಂದು ಇನ್ನೊಂದು. ಕೋಶಕಾರನು ಪರೀಕ್ಷೆಗೆ ಒಡ್ಡಿಕೊಂಡೇ ಹೆಸರನ್ನು ಕೊಟ್ಟಿರುವಾಗ ಓದುವವನು ಮರದ ಕೆಳಗೆ ನಿಂತು ಎಲೆಗಳನ್ನೆಣಿಸದಿರುವುದು ಸೋಜಿಗವೇ ಸರಿ. ಎಣಿಸಿದರೆ ಒಂದೊಂದು ಗೊಂಚಲಿನಲ್ಲಿ ಏಳೇ ಇರಬೇಕೆಂಬ ನಿಯಮವಿಲ್ಲ, ನಾಲ್ಕೂ ಆರೂ ಇರುವುದುಂಟೆಂದು ತಿಳಿಯುವುದು. ರಘುವಂಶದ ನಾಲ್ಕನೆಯ ಸರ್ಗದ ಶರದ್ವರ್ಣನೆಯಲ್ಲಿ ಈ ಹೂವಿನ ಗಂಧವನ್ನು ಆನೆಯ ಮದೋದಕದ ಗಂಧಕ್ಕೆ ಕಾಳಿದಾಸನು ಹೋಲಿಸಿರುವುದೇಕೆಂಬುದು, ಶರತ್ಕಾಲದ ಸಂಜೆಯಲ್ಲಿ ಆ ಮರದ ಬಳಿ ಸುಳಿದವನಿಗೆ ಟೀಕೆಯಿಲ್ಲದೆಯೇ ಗೊತ್ತಾಗುವುದು. ಕನ್ನಡದಲ್ಲಿ ‘ಹಾಲೆ’ಯೆನ್ನಿಸಿಕೊಳ್ಳುವ ಈ ಮರಕ್ಕೆ ಪಾಶ್ಚಾತ್ಯ ಶಾಸ್ತ್ರಜ್ಞರು ‘ಸ್ಕಾಲರಿಸ್’ ಎಂಬ ವಿಶೇಷಣವನ್ನಿಟ್ಟರು. ಇದರ ಮರದಿಂದ ಶಾಲೆಯ ಮಕ್ಕಳು ಬರೆಯುವ ಹಲಗೆಗಳನ್ನು ಮಾಡುತ್ತಿದ್ದುದೇ ಅದಕ್ಕೆ ಕಾರಣ.

ಇಂತಹ ಪರೀಕ್ಷೆಗೆ ಅರಣ್ಯಕ್ಕೇ ಹೋಗಬೇಕಾಗಿಲ್ಲ. ೧೭೬೦ರಲ್ಲಿ ಹೈದರಾಲಿಯು ಆರಂಭಿಸಿ, ೧೮೫೬ರಲ್ಲಿ ಸರ್ಕಾರದ ಸಸ್ಯಶಾಸ್ತ್ರೀಯ ಉದ್ಯಾನವಾದ ಲಾಲ್‌ಬಾಗ್, ೧೮೭೦ರಲ್ಲಿ ಸ್ಯಾಂಕಿಯು ಏರ್ಪಡಿಸಿದ ಕಬ್ಬನ್ ಪಾರ್ಕ್, ಇವೆರಡು ಬೆಂಗಳೂರಿಗೆ ಪ್ರಸಿದ್ಧವಾಗಿವೆ. ದಂಡಿನ ಪ್ರದೇಶದ ಬಡಾವಣೆಗಳಲ್ಲಿ ಸಣ್ಣ ಉದ್ಯಾನಗಳು ಹಲವು. ಪುಲಿಕೇಶಿನಗರದ ಕೋಲ್ಸ್ ಪಾರ್ಕ್, ಅದರ ನೆರೆಯ ರಿಚರ್ಡ್ಸ್ ಪಾರ್ಕ್ ಇವುಗಳಲ್ಲಿ ಸೇರುವುವು. ಪುಲಿಕೇಶಿನಗರದ ಹೆಸರು ಈ ಪ್ರಸ್ತಾವಕ್ಕೆ ಅಸಂಗತವಲ್ಲ. ಪೂರ್ವದಲ್ಲಿ ರೆಸಿಡೆಂಟ್ ಸ್ಟೂವರ್ಟ್ ಫ್ರೇಜರ್ ಎಂಬವರ ಹೆಸರನ್ನು ಧರಿಸಿದ್ದ ಈ ಬಡಾವಣೆಗೆ ಇಂದಿರುವುದು ಚಾಲುಕ್ಯ ಚಕ್ರವರ್ತಿಯ ಹೆಸರು. ಆ ಪುಲಿಕೇಶಿಯ ಐಹೊಳೆಯ ಶಾಸನದಲ್ಲಿಯೇ, ಎಂದರೆ ಕ್ರಿ.ಶ. ೬೩೪ರಲ್ಲಿ, ಕವಿ ರವಿಕೀರ್ತಿಯು ಕಾಳಿದಾಸ ಭಾರವಿಗಳ ಕೀರ್ತಿಯನ್ನು ತಾನು ಪಡೆದಿರುವನೆಂದು ಹೇಳಿಕೊಂಡಿರುವನು. ಕಾಳಿದಾಸನ ಮರಗಳನ್ನು ಈ ನಗರಭಾಗದಲ್ಲಿ ಹುಡುಕುವುದಕ್ಕೆ ಇಷ್ಟು ನೆಪ ಸಾಕು.

ಹುಡುಕುವವರಿಗೆ ಮೊದಲು ಎದುರಾಗುವ ತೊಡಕು ಅಶೋಕ. ಬೆಂಗಳೂರಿನ ಯಾವ ಬಾಲಕನನ್ನು ಕೇಳಿದರೂ ಅಶೋಕವನ್ನು ಬಲ್ಲೆನೆನ್ನುವನು. ಮನೆಗಳ ಆವರಣದಲ್ಲಿ ಕಂಬದಂತೆ ನೆಟ್ಟಗೆ ಬೆಳೆದು, ಅಲೆಯಲೆಯಾದ ಅಂಚಿನ ಎಲೆಗಳನ್ನು ಜೋಲಿಬಿಟ್ಟ ಮರವನ್ನು ತೋರಿಸುವನು. ಅದು ಕಾವ್ಯದ ಅಶೋಕವಲ್ಲ. ಸೀತಾಫಲದ ಕುಟುಂಬಕ್ಕೆ ಸೇರಿದ ಬೇರೊಂದು ಮರ. ಅದರ ಹೂ ಎಲೆಯ ಬಣ್ಣದ್ದೇ ಆಗಿ ಎಲೆಗಳ ಮರೆಯಲ್ಲಿ ಅಡಗಿರುವುದು. ನಿಜವಾದ ಅಶೋಕವು ಹೆಚ್ಚು ಎತ್ತರವಿಲ್ಲದ, ದಟ್ಟವಾಗಿ ಹಬ್ಬಿದ ಮರ. ಅದರ ತಳಿರು ತಾಮ್ರವರ್ಣವಾಗಿ ಸೋತಂತೆ ಇಳಿಬಿದ್ದಿರುವುದು. ಹೂಗಳು ಹಳೆಯ ಕೊಂಬೆಗಳಿಗೆ ಅಂಟಿದ ಹಾಗೆ ಗೊಂಚಲುಗೊಂಚಲಾಗಿ ಅರಳಿ, ಮೊದಲು ಹೊಂಬಣ್ಣವಾಗಿ, ದಿನಕಳೆದಂತೆ ಕೆಂಪೇರುವುವು. ಲಾಲ್‌ಬಾಗಿನಲ್ಲಿ ಇದನ್ನು ಕಾಣಬಹುದು. ಮಾಲವಿಕಾಗ್ನಿಮಿತ್ರದ ಮೂರನೆಯ ಅಂಕದಲ್ಲಿ ಅಲಕ್ತಕದಿಂದಲಂಕೃತವಾದ ಪಾದದಿಂದ ಮಾಲವಿಕೆಯು ಅಶೋಕವನ್ನು ಒದೆಯುವ ಪ್ರಸಂಗವುಂಟಷ್ಟೆ. ಪಾದದ ಕೆಂಪು ಬುಡದಿಂದ ಏರಿ ಕೊಂಬೆಯ ಮೈಯಲ್ಲಿ ಹೂವಾಗಿ ಒಡೆಯಿತೆಂಬ ಭಾವನೆಗೆ ಈ ಮರದ ಸ್ವಭಾವವೇ ಮೂಲವಾಗಿರಬಹುದು. ಕಂಬದ ಮರವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಅಂಕವನ್ನೋದುವ ವಿದ್ಯಾರ್ಥಿಗೆ ದೋಹದವೆಂಬುದು ಅರ್ಥಹೀನವಾದ ಕಟ್ಟುಕಥೆಯಾಗಿ ತೋರಿದರೆ ತಪ್ಪು ಅವನದಲ್ಲ.

ಈ ಭ್ರಾಂತಿಯು ಕಾವ್ಯರಸಕ್ಕೆ ಮಾತ್ರ ಹಾನಿಯೆಂದು ಭಾವಿಸಬಾರದು. ಅಶೋಕದ ತೊಗಟೆಯು ಆಯುರ್ವೇದದಲ್ಲಿ ಸ್ತ್ರೀರೋಗಗಳಿಗೆ ಪ್ರಸಿದ್ಧವಾದ ಔಷಧ. ಕಂಬದ ಮರದ ತೊಗಟೆಯನ್ನು ಅದರ ಹೆಸರಿನಲ್ಲಿ ಬೆರಸಿ ಮಾರುವುದು ಔಷಧಶಾಸ್ತ್ರಜ್ಞರು ಗುರುತಿಸಿರುವ ಸಂಗತಿ. ನಿಜವಾದ ಅಶೋಕವಾದರೋ ತೊಗಟೆಗಾಗಿ ಕಡಿಸಿಕೊಂಡು ಕಾಡುಗಳಲ್ಲಿ ಕ್ಷೀಣಿಸಿ, ಅಪಾಯಕ್ಕೀಡಾದ ಸಸ್ಯಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ. ಇಟಲಿಯ ಪಾದುವಾ ವಿದ್ಯಾಪೀಠದವರು ೧೫೪೫ರಲ್ಲಿ ಉದ್ಯಾನವನ್ನು ಸ್ಥಾಪಿಸಿದ್ದೂ ಇಂತಹ ಕಾರಣಕ್ಕಾಗಿಯೇ: ಗ್ರಂಥಗಳಲ್ಲಿ ಓದಿದ ಮೂಲಿಕೆ ಯಾವುದು, ಅಂಗಡಿಯವನು ಕೊಡುವ ಮೂಲಿಕೆ ಯಾವುದೆಂದು ವೈದ್ಯವಿದ್ಯಾರ್ಥಿಗಳು ಕಣ್ಣಾರೆ ಕಂಡು ನಿರ್ಧರಿಸಲೆಂದು. ಉದ್ಯಾನವು ವಿಹಾರಸ್ಥಾನವಾಗುವುದಕ್ಕಿಂತ ಮೊದಲು ಶಬ್ದಾರ್ಥನಿರ್ಣಯದ ಸ್ಥಾನವಾಗಿದ್ದಿತೆಂದರೆ ಸಾಹಿತ್ಯದ ಉಪಾಧ್ಯಾಯರಿಗೆ ಅದು ಹಿತವಾದ ವಾರ್ತೆಯೇ.

ಕಾವ್ಯದ ಪ್ರಕೃತಿಯೆಲ್ಲ ಕವಿಸಮಯ, ಅದಕ್ಕೆ ಲೋಕದ ಮರಗಳ ಪರಿಚಯವೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಉತ್ತರವು ಕವಿಸಮಯವನ್ನು ವಿಸ್ತರಿಸಿ ಹೇಳಿದ ರಾಜಶೇಖರನಲ್ಲಿಯೇ ಇದೆ. ಇರುವುದನ್ನು ವರ್ಣಿಸದೆ ಬಿಡುವುದೂ ಕವಿಗಳ ಒಂದು ಸಮಯವೆಂದು ಕಾವ್ಯಮೀಮಾಂಸೆಯಲ್ಲಿ ತಿಳಿಸಿ, ವಸಂತದಲ್ಲಿ ಮಾಲತಿ, ಚಂದನದಲ್ಲಿ ಹೂಹಣ್ಣುಗಳು, ಅಶೋಕದಲ್ಲಿ ಕಾಯಿ ಇವುಗಳನ್ನು ಅವನು ಉದಾಹರಿಸಿರುವನು. ಚಂದನವು ಹೂಬಿಡುವುದೆಂದು ಬಲ್ಲವನಿಗೆ ಮಾತ್ರ ಕವಿಗಳು ಅದನ್ನು ಬಿಟ್ಟಿರುವರೆಂದು ತಿಳಿದೀತು. ಶ್ರೀಗಂಧದ ನಾಡೆಂದು ಹೊಗಳಿಸಿಕೊಳ್ಳುವ ಈ ನಾಡಿನಲ್ಲಿ, ಗಂಧದ ಗಿಡದ ಕಿರಿದಾದ ಕೆಂಗಂದು ಹೂವನ್ನೂ, ಹಕ್ಕಿಗಳು ನುಂಗಿ ಬೀಜ ಹರಡುವ ಕಪ್ಪು ಹಣ್ಣನ್ನೂ ಗುರುತಿಸಬಲ್ಲ ಕನ್ನಡ ಉಪಾಧ್ಯಾಯರು ಎಷ್ಟು ಮಂದಿಯೋ! ಅಶೋಕದ ಚಪ್ಪಟೆಯಾದ ಕಾಯಿಯ ವಿಷಯವೂ ಹೀಗೆಯೇ. ಸಮಯವನ್ನು ಸಮಯವೆಂದು ತಿಳಿಯಬೇಕಾದರೆ ಲೋಕವು ಮೊದಲು ತಿಳಿದಿರಬೇಕು.

ವಿದ್ವಾಂಸರಲ್ಲಿ ನಿಜವಾಗಿ ವಿವಾದವಿರುವ ಹೆಸರುಗಳಿಗೂ ಉದ್ಯಾನವು ಸಾಕ್ಷ್ಯವನ್ನು ಒದಗಿಸಬಲ್ಲುದು. ಕರ್ಣಿಕಾರವನ್ನು ನೋಡಬಹುದು. ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಅದರ ಬಣ್ಣವನ್ನು ಮೆಚ್ಚಿ, ಗಂಧವಿಲ್ಲದ್ದಕ್ಕೆ ಮರುಗಿ, ಗುಣಗಳನ್ನೆಲ್ಲ ಒಂದೆಡೆಯಲ್ಲಿ ಇಡದ ವಿಧಾತನನ್ನು ಕವಿಯು ಆಕ್ಷೇಪಿಸಿರುವನು. ಇದು ಯಾವ ಮರ? ಬೇಸಗೆಯಲ್ಲಿ ಹೊನ್ನಿನ ಸರಗಳನ್ನು ಇಳಿಬಿಡುವ ಕಕ್ಕೆಯೆಂದು ಕೆಲವರು. ಅಗಲವಾದ ಎಲೆಗಳ ಕನಕಚಂಪಕವೆಂದು ಕೆಲವರು. ಭಾವಪ್ರಕಾಶವು ಕಕ್ಕೆಯ ಪರ್ಯಾಯಗಳಲ್ಲಿ ಕರ್ಣಿಕಾರವನ್ನೂ ಹೇಳುವುದರಿಂದ ಮೊದಲ ಪಕ್ಷಕ್ಕೆ ಬಲವುಂಟು. ಅಮರಸಿಂಹನು ಕಕ್ಕೆಯಾದ ಆರಗ್ವಧವನ್ನೂ ಕರ್ಣಿಕಾರವನ್ನೂ ಬೇರೆಬೇರೆಯಾಗಿ ಹೇಳಿರುವುದು ಎರಡನೆಯ ಪಕ್ಷದವರಿಗೆ ಆಧಾರ. ಗ್ರಂಥಗಳು ಹೀಗೆ ಎರಡಾಗಿ ನಿಂತಾಗ ಮೂಗನ್ನು ಸಾಕ್ಷಿಗೆ ಕರೆಯಬೇಕಾಗುವುದು. ಕನಕಚಂಪಕದ ಹೂ ಗೇಣುದ್ದಕ್ಕೆ ಹತ್ತಿರವಾದ, ರಾತ್ರಿಯಲ್ಲಿ ಅರಳಿ ಒಣಗಿದ ಮೇಲೆಯೂ ಕಂಪುಬಿಡದ ಹೂ. ನಿರ್ಗಂಧವೆಂಬ ನಿಂದೆಯು ಅದಕ್ಕೆ ಸಲ್ಲಲಾರದು. ಋತುಸಂಹಾರದಲ್ಲಿ ಹೇಳಿರುವಂತೆ ಕಿವಿಗೆ ಮುಡಿಯುವುದಕ್ಕೂ ಅದು ಒದಗುವಂತಿಲ್ಲ. ಕಕ್ಕೆಯಲ್ಲಾದರೋ ಮೂಗಿಗೆ ಹಿಡಿದರೆ ತಿಳಿಯುವಷ್ಟು ಮೆಲ್ಲನೆಯ ಕಂಪುಂಟು. ಅದನ್ನು ಗಂಧಾಭಾವವೆಂದು ಕರೆಯಬಹುದೇ? ಹದಿನಾರು ಮಂದಿ ವಿದ್ಯಾರ್ಥಿಗಳು ಬೆಳಗ್ಗೆ, ನಡುಹಗಲು, ಸಂಜೆ ಮೂಸಿ ಬರೆದಿಟ್ಟರೆ, ಗ್ರಂಥಸ್ಥವಾದ ಚರ್ಚೆಗೆ ಹೊಸದೊಂದು ಪ್ರಮಾಣ ದೊರೆತಂತಾಗುವುದು. ಪ್ರಯೋಗಶಾಲೆಯೆಂಬ ಮಾತು ಇಂತಹ ಕೆಲಸಕ್ಕೆ ಯಥಾರ್ಥವಾಗಿ ಒಪ್ಪುವುದು.

ಬೆಂಗಳೂರಿನ ಹಾದಿಬದಿಯ ಮರಗಳಲ್ಲಿ ಬಹುಭಾಗ ಪರದೇಶದವು. ಋತುವಿಗೊಂದರಂತೆ ಹೂಬಿಡುವ ಮರಗಳನ್ನು ಸಾಲಾಗಿ ನೆಡಿಸಿದ ಕೀರ್ತಿಯು ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕ್ರುಂಬಿಗಲ್ ಅವರಿಗೆ ಸಲ್ಲುವುದು. ಕೆಂಪು ತುರಾಯಿ ಮಡಗಾಸ್ಕರಿನದು, ನೀಲಿ ಹೂವಿನ ಜಕರಂಡ ದಕ್ಷಿಣ ಅಮೆರಿಕದ್ದು. ಇವು ಯಾವ ಪ್ರಾಚೀನ ಕವಿಗೂ ಗೊತ್ತಿರಲಿಲ್ಲ. ನಾಗಲಿಂಗಪುಷ್ಪದ ಸಂಗತಿ ಇನ್ನೂ ಸ್ವಾರಸ್ಯವಾದುದು. ಹೆಡೆಯೆತ್ತಿದ ನಾಗನನ್ನೂ ಲಿಂಗವನ್ನೂ ಆ ಹೂವಿನಲ್ಲಿ ಕಂಡ ಜನರು ಅದನ್ನು ಶಿವಪೂಜೆಗೆ ತೆಗೆದುಕೊಂಡು, ಅನಾದಿಯೆಂದೇ ನಂಬಿರುವರು. ಮರವು ದಕ್ಷಿಣ ಅಮೆರಿಕದಿಂದ ಬಂದುದು. ಪರದೇಶದ ವಸ್ತುವಿಗೆ ಜನಸಾಮಾನ್ಯರು ಹೆಸರಿಟ್ಟು ಪುರಾಣವನ್ನು ಕಟ್ಟುವ ಬಗೆಗೆ ಇದಕ್ಕಿಂತ ಸುಲಭವಾದ ಉದಾಹರಣೆ ಸಿಕ್ಕಲಾರದು.

ಭಾಷಾಶಾಸ್ತ್ರದ ಪಾಠಕ್ಕೆ ಪುಲಿಕೇಶಿನಗರದಷ್ಟು ಅನುಕೂಲವಾದ ಸ್ಥಳ ಬೇರೆಯಿಲ್ಲವೆಂದು ಹೇಳಬಹುದು. ಕನ್ನಡ, ತಮಿಳು, ಉರ್ದು ಮಾತನಾಡುವ ಮನೆಗಳು ಅಲ್ಲಿ ಒಂದೇ ಬೀದಿಯಲ್ಲಿರುವುವು. ಬೆಳಗಿನ ಹೊತ್ತು ಉದ್ಯಾನದ ಕಲ್ಲುಹಾಸಿನ ಮೇಲೆ ಕುಳಿತ ವೃದ್ಧರಲ್ಲಿ ಮೂರು ಭಾಷೆಯವರೂ ಇರುವರು. ಒಂದು ಮರವನ್ನು ತೋರಿಸಿ ಅವರವರ ಮನೆಯ ಹೆಸರನ್ನು ಕೇಳಿದರೆ ವ್ಯಾಕರಣದ ಒಂದು ಪ್ರಕರಣವೇ ಎದುರಿಗೆ ಬಂದು ನಿಲ್ಲುವುದು. ತಮಿಳರು ‘ಪುಂಗು’ ಎನ್ನುವರು, ಕನ್ನಡಿಗರು ‘ಹೊಂಗೆ’ಯೆನ್ನುವರು. ಪಕಾರವು ಹಕಾರವಾದ ಸಂಗತಿಯನ್ನು ‘ಪಾಲು-ಹಾಲು’, ‘ಪುಲಿ-ಹುಲಿ’ ಎಂದು ಪುಸ್ತಕದಿಂದ ಕಲಿತ ಬಾಲಕನಿಗೆ ಅದು ತಲೆಯ ಮೇಲೆ ನೆರಳಾಗಿ ಹರಡಿರುವುದು ಕಾಣುವುದು. ಬಡಾವಣೆಯ ಹೆಸರಿನಲ್ಲಿಯಾದರೋ ಹಳೆಯ ಪಕಾರವೇ ನಿಂತಿದೆ. ತಮಿಳಿನ ‘ವೇಂಬು’ ಕನ್ನಡದಲ್ಲಿ ‘ಬೇವು’. ಇಲ್ಲಿ ವಕಾರಕ್ಕೆ ಬಕಾರ. ಉರ್ದುವಿನ ‘ನೀಮ್’ ಸಂಸ್ಕೃತದ ನಿಂಬದಿಂದ ಬಂದುದು. ಹುಣಸೆಗೆ ಉರ್ದುವಿನಲ್ಲಿ ‘ಇಮ್ಲಿ’. ಅದು ಸಂಸ್ಕೃತದ ಅಮ್ಲಿಕೆಯ ತದ್ಭವ. ಇಂಗ್ಲಿಷಿನ ‘ಟ್ಯಾಮರಿಂಡ್’ ಎಂಬುದಾದರೋ ‘ಹಿಂದೂದೇಶದ ಖರ್ಜೂರ’ವೆಂಬ ಅರಬ್ಬೀ ಮಾತು. ಈ ಹಣ್ಣನ್ನು ಅರಬ್ಬರು ಭಾರತದ್ದೆಂದು ತಿಳಿದರು. ಮರದ ಮೂಲವಾದರೋ ಆಫ್ರಿಕವೆಂದು ಸಸ್ಯಶಾಸ್ತ್ರಜ್ಞರು ಹೇಳುವರು. ಈ ಪಾಠದಲ್ಲಿ ಉರ್ದು ಶಾಲೆಯ ಬಾಲಕಿಗೂ ತಮಿಳು ಮನೆಯ ಬಾಲಕನಿಗೂ ತಂತಮ್ಮ ಅಜ್ಜಿಯರ ಮಾತೇ ಪ್ರಮಾಣಗ್ರಂಥವಾಗುವುದು. ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಯುವವರಿಗೆ ಇದರಿಂದ ಹುಟ್ಟುವ ಆದರವನ್ನು ತರಗತಿಯ ಕಾಪಿಪುಸ್ತಕವು ಹುಟ್ಟಿಸಲಾರದು.

ಕನ್ನಡದಲ್ಲಿ ಈ ಮಾರ್ಗಕ್ಕೆ ಪೂರ್ವಾಚಾರ್ಯರಿಲ್ಲದಿಲ್ಲ. ಕಿಟ್ಟೆಲ್ ಪಂಡಿತನು ೧೮೯೪ರ ನಿಘಂಟಿನಲ್ಲಿ ‘ವೃಕ್ಷವಿಶೇಷ’ವೆಂದು ಕೈತೊಳೆದುಕೊಳ್ಳದೆ ಸಸ್ಯಗಳಿಗೆ ಶಾಸ್ತ್ರೀಯ ನಾಮಗಳನ್ನು ಕೊಟ್ಟಿರುವನು. ವಿದ್ಯಾರ್ಥಿಗಳೊಡನೆ ಕಾಡನ್ನು ತಿರುಗಿದ ಅನುಭವವನ್ನು ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ವಿನಲ್ಲಿ ಸಾಹಿತ್ಯವಾಗಿಸಿದರು; ಅದಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ನಗರದ ಉದ್ಯಾನಗಳಲ್ಲಿಯೂ ಜನರು ತಾವಾಗಿಯೇ ಕೂಡುವ ಪದ್ಧತಿ ಬೆಂಗಳೂರಿಗೆ ಹೊಸದಲ್ಲ. ಪಕ್ಷಿವೀಕ್ಷಕರು ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವುದು ೧೯೭೦ರ ದಶಕದಿಂದ ನಡೆದುಬಂದಿದೆ. ‘ನೆರಳು’ ಎಂಬ ಮರಗಳ ಹಬ್ಬವನ್ನು ನಾಗರಿಕರು ೨೦೧೪ರಲ್ಲಿ ಆರಂಭಿಸಿದರು. ‘ಸೀಸನ್‌ವಾಚ್’ ಎಂಬ ಸಾರ್ವಜನಿಕ ಯೋಜನೆಯಲ್ಲಿ ಶಾಲೆಯ ಮಕ್ಕಳು ತಾವು ಆರಿಸಿಕೊಂಡ ಮರದ ಎಲೆ, ಹೂ, ಕಾಯಿಗಳ ಸ್ಥಿತಿಯನ್ನು ವಾರವಾರವೂ ಗುರುತುಹಾಕುವರು. ಇವೆಲ್ಲ ಪ್ರಾಯಶಃ ವಿಜ್ಞಾನಾಸಕ್ತರ ಉದ್ಯಮಗಳು. ಸಾಹಿತ್ಯದವರು ಇವುಗಳಿಂದ ದೂರ ನಿಂತಿರುವುದಕ್ಕೆ ಸಂಕೋಚದ ಹೊರತು ಬೇರೆ ಕಾರಣ ಕಾಣುವುದಿಲ್ಲ.

ಕ್ರಮವು ಕಷ್ಟವಾದುದಲ್ಲ. ಒಂದು ತರಗತಿಗೆ ಒಂದು ಮರ, ಒಂದು ವರ್ಷ, ಒಂದು ದಪ್ಪ ಪುಸ್ತಕ ಸಾಕು. ತಿಥಿ ತಾರೀಖುಗಳೆರಡನ್ನೂ ಹಾಕಿ ತಳಿರು, ಮೊಗ್ಗು, ಹೂ, ಗಂಧ, ಕಾಯಿ, ಬಂದು ಕುಳಿತ ಹಕ್ಕಿ ಇವನ್ನು ಬರೆಯುವುದು; ಎದುರು ಪುಟದಲ್ಲಿ ಆ ಮರವು ಬರುವ ಕಾವ್ಯಸ್ಥಳಗಳನ್ನೂ ನೆರೆಹೊರೆಯವರು ಹೇಳಿದ ಹೆಸರುಗಳನ್ನೂ ಸೇರಿಸುವುದು. ಚೈತ್ರದಲ್ಲಿ ಆಗಬೇಕಾದುದು ಬೆಂಗಳೂರಿನಲ್ಲಿ ಮಾಘದಲ್ಲಿಯೇ ಆದರೆ ಅದನ್ನೂ ಮರೆಮಾಚದೆ ಬರೆಯತಕ್ಕುದು. ಕಾವ್ಯದ ವಸಂತವು ಯಾವ ದೇಶದ ವಸಂತವೆಂಬ ಪ್ರಶ್ನೆಗೆ ಅಂತಹ ಪುಟಗಳಿಂದಲೇ ಉತ್ತರ ಬರಬೇಕು.

ಒಂದು ಅಡ್ಡಿ ಮಾತ್ರ ನಿಜವಾದುದು. ಕಕ್ಕೆಯು ತುಂಬಿ ಅರಳುವುದು ಏಪ್ರಿಲ್ ಮೇ ತಿಂಗಳುಗಳಲ್ಲಿ. ಕರ್ನಾಟಕದ ಶಾಲೆಗಳಿಗೆ ಬೇಸಗೆಯ ರಜೆಯೂ ಆಗಲೇ. ಕವಿಗಳು ಅತ್ಯಂತವಾಗಿ ವರ್ಣಿಸಿದ ಋತುವಿನಲ್ಲಿ ಪಾಠಶಾಲೆಯ ಬಾಗಿಲು ಮುಚ್ಚಿರುವುದು. ಆದುದರಿಂದ ಕರ್ಣಿಕಾರದ ಪರೀಕ್ಷೆಯನ್ನು ಶಾಲೆಯ ವೇಳಾಪಟ್ಟಿಗೆ ಬಿಡುವಂತಿಲ್ಲ. ರಜೆಯಲ್ಲಿಯೂ ತೆರೆದಿರುವ ಬಡಾವಣೆಯ ಗ್ರಂಥಾಲಯ, ಕನ್ನಡ ಸಂಘ, ಬೆಳಗಿನ ಹೊತ್ತು ಉದ್ಯಾನಕ್ಕೆ ಬರುವ ನಿವೃತ್ತ ಉಪಾಧ್ಯಾಯರು ಇವರು ಕೈಕೊಂಡರೆ ಮಾತ್ರ ಆ ಎರಡು ತಿಂಗಳ ಪುಟಗಳು ಬರಿದಾಗಿ ಉಳಿಯಲಾರವು.