ಮೊದಲು ಯಾರನ್ನ ಆರಿಸಬೇಕು?

ಇದು ನಮ್ಮ ಹಾಕಿ ಅಲ್ಲ, ಮಂಜುಗಡ್ಡೆ ಮೇಲೆ ಆಡೋ ಐಸ್ ಹಾಕಿ. ಅಮೆರಿಕ, ಕೆನಡಾದ ಎನ್‌ಎಚ್‌ಎಲ್ ಲೀಗ್‌ನಲ್ಲಿ ಪ್ರತಿವರ್ಷ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸಿಕೊಳ್ತಾವೆ. ಇದಕ್ಕೆ ಡ್ರಾಫ್ಟ್ ಅಂತಾರೆ. 1993ರಲ್ಲಿ ಮೊದಲ ಸರದಿ ಕೊನೇ ಸ್ಥಾನದ ಒಟ್ಟಾವಾ ತಂಡದ್ದು. ಅದು ಗೋಲು ಹೊಡೆಯೋ ಅಲೆಕ್ಸಾಂಡರ್ ಡೇಗ್‌ನನ್ನ ಆರಿಸಿತು. ಎರಡನೇ ಸರದಿಯ ಹಾರ್ಟ್‌ಫರ್ಡ್ ತಂಡ ರಕ್ಷಣೆ ಆಟಗಾರ ಕ್ರಿಸ್ ಪ್ರಾಂಗರ್‌ನನ್ನ ತಗೊಂಡಿತು. ಡೇಗ್ ಜನ ಅಂದುಕೊಂಡಷ್ಟು ಬೆಳೆಯಲಿಲ್ಲ. ಪ್ರಾಂಗರ್‌ಗೆ 2000ದಲ್ಲಿ, ತಂಡಕ್ಕೆ ಅತಿ ಉಪಯುಕ್ತ ಆಟಗಾರನಿಗೆ ಕೊಡೋ ಹಾರ್ಟ್ ಟ್ರೋಫಿಯೇ ಬಂತು. ಗೋಲು ಹೊಡೆಯುವವನು ಎಲ್ಲರ ಕಣ್ಣಿಗೆ ಬೀಳ್ತಾನೆ, ತಡೆಯುವವನು ಬೀಳಲ್ಲ ನೋಡಿ! ಆದ್ರೂ ಒಟ್ಟಾವಾದವರನ್ನ ಪೂರಾ ಬೈಯೋ ಹಾಗಿಲ್ಲ. 18 ವರ್ಷದ ಹುಡುಗ ಮುಂದೆ ಏನಾಗ್ತಾನೆ ಅಂತ ಹೇಳೋದು ಕಷ್ಟವೇ. ನಿಕ್ಲಾಸ್ ಲಿಡ್‌ಸ್ಟ್ರಾಮ್‌ನನ್ನ 1989ರಲ್ಲಿ ಡೆಟ್ರಾಯಿಟ್ ಆರಿಸಿದ್ದು 53ನೆಯವನಾಗಿ. ಅತ್ಯುತ್ತಮ ರಕ್ಷಣೆ ಆಟಗಾರನ ಬಹುಮಾನ ಅವನಿಗೆ 7 ಸಲ ಸಿಕ್ಕಿತು.