ನಿಮಗಿದು ಗೊತ್ತೇ? ಮೊದಲು ಕ್ಷೇಮ, ಆಮೇಲೆ ಆಜ್ಞೆ

ಸಿಂಧನೂರಿನ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವುದು, ಮುಖ ಕಾಣದ ಮ್ಯಾನೇಜರ್‌ನ ಮೆಸೇಜಿಗೆ ಬೆಚ್ಚುವುದು ಈ ಕಾಲದ ಪಾಡು ಅಂದುಕೊಂಡಿರಾ? ದೂರದಿಂದ ಕೆಲಸ ಮಾಡಿಸುವ ತಲೆನೋವಿಗೆ 2,200 ವರ್ಷ ದಾಟಿದೆ. ಸಾಕ್ಷಿ, ಅಶೋಕನ ಶಾಸನಗಳು.

● ಮಸ್ಕಿಯ ಬಂಡೆ ಶಾಸನವನ್ನು 1915ರಲ್ಲಿ ಪತ್ತೆ ಮಾಡಿದವರು ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್. ಶಾಸನಗಳ 'ದೇವಾನಾಂಪ್ರಿಯ'ನೇ ಅಶೋಕ ಎಂದು ಹೆಸರು ಸಮೇತ ಮೊದಲು ತಿಳಿದದ್ದು ಲಿಂಗಸುಗೂರು ಸೀಮೆಯ ಈ ಊರಿನಿಂದ. ಒಳಿತು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎನ್ನುತ್ತದೆ ಆ ಶಾಸನ.

● ಸುವರ್ಣಗಿರಿಯ ರಾಜಕುಮಾರ ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಕಳುಹಿಸಿದ ಸಂದೇಶ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅದರ ಮೊದಲ ಮಾತೇ ಆರೋಗ್ಯ ವಿಚಾರಣೆ. ಆಜ್ಞೆ ಬರುವುದು ಆಮೇಲೆ. ಈ ಸುವರ್ಣಗಿರಿ ಯಾವುದು? ಮಸ್ಕಿ, ಕನಕಗಿರಿ, ಜೊನ್ನಗಿರಿ ಎಂದು ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ.

● ಬ್ರಹ್ಮಗಿರಿಯ ಆ ಸಂದೇಶವನ್ನು ಬರೆದ ಲಿಪಿಕಾರ ಚಪಡ. ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಊರ ನೆನಪೋ, ಕಸುಬಿನ ಠೀವಿಯೋ!

● ಅಧಿಕಾರಿಗಳು ಬಿಡಬೇಕಾದ ದೋಷಗಳು: ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ಬಳಲಿಕೆ. ಇದು ಒಡಿಶಾದ ಧೌಲಿಯಲ್ಲಿರುವ ಅಶೋಕನ ಪಟ್ಟಿ. ಸಿಟ್ಟಾಗದಿರುವುದು, ಆತುರಪಡದಿರುವುದು ಎಲ್ಲಕ್ಕೂ ಮೂಲವಂತೆ. ಐದು ವರ್ಷಕ್ಕೊಮ್ಮೆ ತಪಾಸಣೆಗೆ ಬರುವವನು ಒರಟನಾಗಿರಬಾರದು ಎಂಬ ಮಾತೂ ಉಂಟು. ಈ ಆಜ್ಞೆಯ ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದೆ. ಇಂದಿನ ಎಚ್‌ಆರ್ ವಿಭಾಗದವರು ಒಮ್ಮೆ ಹೋಗಿ ಬರಬಹುದು.

● ಆದರೆ ಅದೇ ದೊರೆ, ತಾನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ವರದಿ ತರಬಹುದು ಎಂದು ಆರನೆಯ ಬಂಡೆ ಶಾಸನದಲ್ಲಿ ಸಾರಿದ. ಇದೊಂದನ್ನು ಅನುಸರಿಸಬೇಡಿ! ಕೆಲಸದ ಹೊತ್ತು ಮುಗಿದ ಮೇಲೆ ಫೋನು, ಇ-ಮೇಲ್‌ಗಳಿಂದ ಬಿಡುವು ಪಡೆಯುವ ಹಕ್ಕು ಫ್ರಾನ್ಸ್‌ನಲ್ಲಿ 2017ರಿಂದ ಜಾರಿಯಲ್ಲಿದೆ.

● ಇ-ಮೇಲ್‌ನಲ್ಲಿ ಬರೆದ ವ್ಯಂಗ್ಯ ಓದುವವರಿಗೆ ತಿಳಿದೇ ತಿಳಿಯುತ್ತದೆ ಎಂದು ಬರೆದವರು ವಿಪರೀತ ನಂಬುತ್ತಾರೆ. 2005ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು ಕಂಡದ್ದಿದು. ಅನುಮಾನ ಬಂದರೆ ಫೋನ್ ಮಾಡಿ, "ಆರಾಮ ಅದೀರೇನ್ರಿ?" ಅಂತ ಶುರುಮಾಡಿ.

● ವಿಡಿಯೊ ಮೀಟಿಂಗ್‌ನಲ್ಲಿ ತಮ್ಮ ಮುಖವನ್ನು ತಾವೇ ನೋಡುತ್ತಿರುವುದೂ ದಣಿವಿಗೆ ಕಾರಣ ಎನ್ನುತ್ತಾರೆ ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್. ಅದನ್ನು ಮರೆಮಾಡುವ ಸೌಲಭ್ಯವಿದೆ, ಬಳಸಿ.

● ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ: 14416. ಉಚಿತ, ದಿನದ 24 ಗಂಟೆಯೂ ಲಭ್ಯ. ಕನ್ನಡದಲ್ಲೇ ಮಾತಾಡಬಹುದು.