‘ಕುಳ್ಳ’ ಎಂಬ ಒಂದು ಪದ: ನಾರ್ಸ್ ಪುರಾಣದ ಕಥೆಯನ್ನು ಮಸ್ಕಿಯ ತರಗತಿಯಲ್ಲಿ ಬೋಧಿಸಿದಾಗ

ಹಿನ್ನೆಲೆ

ಬೋಧನಾಭ್ಯಾಸಕ್ಕಾಗಿ ನನಗೆ ಮಸ್ಕಿಯ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿ ಹಂಚಿಕೆಯಾಗಿತ್ತು. ನನ್ನ ಬೋಧನಾ ವಿಷಯ ಕನ್ನಡ. ಮಧ್ಯಾಹ್ನದ ಬಿಸಿಯೂಟದ ನಂತರ ಹುಡುಗರು ಕೋಲಿಗೆ ಕಲ್ಲು ಕಟ್ಟಿಕೊಂಡು ‘ಥಾರ್’ ಆಟ ಆಡುವುದನ್ನು ಮೊದಲ ವಾರವೇ ಗಮನಿಸಿದ್ದೆ. ಎಲ್ಲರೂ ಮೊಬೈಲಿನಲ್ಲಿ ಸಿನಿಮಾ ನೋಡಿದ್ದವರೇ. ಪಠ್ಯಪೂರಕ ಓದಿನ ಅವಧಿಗೆ ಇದೇ ಒಳ್ಳೆಯ ಪೀಠಿಕೆ ಎನಿಸಿತು. ‘ಹಳೆಯ ಪುರಾಣದಿಂದ ಹೊಸ ಕಥೆ ಹುಟ್ಟುವ ಬಗೆ’ ಎಂಬ ಶೀರ್ಷಿಕೆಯಲ್ಲಿ ಎರಡು ಅವಧಿಗಳ ಪಾಠ ಯೋಜನೆ ಬರೆದೆ. ಉದಾಹರಣೆಗೆ ಜೆ.ಆರ್.ಆರ್. ಟೋಲ್ಕಿನ್ ಅವರ ‘ದ ಹಾಬಿಟ್’ ಕಾದಂಬರಿಯ ಕಥಾಸಾರವನ್ನು ಆರಿಸಿಕೊಂಡೆ.

ಹೊರನಾಡಿನ ಪುರಾಣ ಕನ್ನಡ ತರಗತಿಗೆ ಯಾಕೆ ಎಂಬ ಪ್ರಶ್ನೆಗೂ ಉತ್ತರ ಸಿದ್ಧವಾಗಿತ್ತು. ಸೊಫೋಕ್ಲಿಸನ ಗ್ರೀಕ್ ನಾಟಕ ‘ಅಜಾಕ್ಸ್’ ಅನ್ನು ಆಧಾರವಾಗಿಟ್ಟುಕೊಂಡು ಬಿ.ಎಂ.ಶ್ರೀ. ಅವರು 1929ರಲ್ಲೇ ‘ಅಶ್ವತ್ಥಾಮನ್’ ಬರೆದಿದ್ದಾರೆ. ಬೇರೆಯವರ ಪುರಾಣದ ಬೆಳಕಿನಲ್ಲಿ ನಮ್ಮದನ್ನು ನೋಡುವುದು ಕನ್ನಡಕ್ಕೆ ಹೊಸದಲ್ಲ.

ಮೊದಲ ಅವಧಿಯಲ್ಲಿ ನಡೆದದ್ದು

ಕಥೆ ಹೀಗಿದೆ. ಒಂಟಿ ಬೆಟ್ಟವೊಂದರ ಕೆಳಗೆ ಒಂದು ಜನಾಂಗ ಬಂಗಾರ ಅಗೆದು, ಒಡವೆ ಮಾಡಿ, ರಾಜ್ಯ ಕಟ್ಟಿತ್ತು. ಸ್ಮಾಗ್ ಎಂಬ ಡ್ರ್ಯಾಗನ್ ಬಂದು ಅವರನ್ನು ಓಡಿಸಿ ಆ ಬಂಗಾರದ ಮೇಲೆ ಮಲಗಿತು. ಬಹಳ ವರ್ಷಗಳ ನಂತರ ಅವರ ನಾಯಕ ಥೋರಿನ್ ಹನ್ನೆರಡು ಸಂಗಡಿಗರೊಂದಿಗೆ, ಬಿಲ್ಬೊ ಎಂಬ ಹಾಬಿಟ್‌ನನ್ನೂ ಕರೆದುಕೊಂಡು, ಅದನ್ನು ಮರಳಿ ಪಡೆಯಲು ಹೊರಡುತ್ತಾನೆ.

ಈ ಜನಾಂಗಕ್ಕೆ ಇಂಗ್ಲಿಷಿನಲ್ಲಿ ‘ಡ್ವಾರ್ಫ್’ ಎಂಬ ಹೆಸರು. ನಾನು ನಿಘಂಟು ನೋಡಿ ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ‘ಕುಳ್ಳರು’ ಎಂದು ಬರೆದೆ. ಬರೆದು ತಿರುಗುವಷ್ಟರಲ್ಲಿ ತರಗತಿಯಲ್ಲಿ ನಗು ಎದ್ದಿತ್ತು. ಮೂರನೇ ಸಾಲಿನ ಒಬ್ಬ ಹುಡುಗನ ಕಡೆಗೆ ಎಲ್ಲರ ಮುಖ ತಿರುಗಿತ್ತು. ಅವನು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದ. ಆ ಪದ ಅವನ ಅಡ್ಡಹೆಸರು ಎಂಬುದು ನನಗೆ ಆಗ ತಿಳಿಯಿತು. ‘ಸುಮ್ಮನಿರಿ’ ಎಂದು ಗದರಿಸಿ ಪಾಠ ಮುಂದುವರಿಸಿದೆ. ಉಳಿದ ಮೂವತ್ತು ನಿಮಿಷ ಆ ಪದ ಹಲಗೆಯ ಮೇಲೆಯೇ ಇತ್ತು.

ಅವಧಿ ಮುಗಿದ ಮೇಲೆ ಅವನನ್ನು ವರಾಂಡದಲ್ಲಿ ಕಂಡು, ‘ನನ್ನಿಂದ ತಪ್ಪಾಯ್ತು’ ಎಂದೆ. ‘ಇರಲಿ ಬಿಡ್ರಿ ಸರ್, ದಿನಾ ಅಂತಾರ’ ಎಂದ. ಆ ‘ದಿನಾ’ ಎಂಬ ಮಾತು ನನ್ನನ್ನು ಹೆಚ್ಚು ಕಾಡಿತು. ದಿನವೂ ಅವರು ಆಡುತ್ತಿದ್ದ ಮಾತನ್ನು ಅಂದು ನಾನು ಪಾಠವನ್ನಾಗಿ ಮಾಡಿದ್ದೆ.

ಮಾರ್ಗದರ್ಶಕ ಉಪನ್ಯಾಸಕರು ನನ್ನ ಅವಲೋಕನ ಪುಸ್ತಕದಲ್ಲಿ ಶಿಸ್ತಿನ ಬಗ್ಗೆ ಏನೂ ಬರೆಯಲಿಲ್ಲ. ‘ಮೂಲದಲ್ಲಿ ಇವರು ಯಾರು? ಓದಿಕೊಂಡು ಬನ್ನಿ’ ಎಂದಷ್ಟೇ ಬರೆದಿದ್ದರು. ಆ ಹುಡುಗನನ್ನು ತರಗತಿಯ ಮುಂದೆ ನಿಲ್ಲಿಸಿ ಸಮಾಧಾನ ಹೇಳಬಾರದು, ಅದು ಎರಡನೇ ಸಲ ಎಲ್ಲರ ಮುಖ ಅವನತ್ತ ತಿರುಗಿಸಿದಂತೆ ಎಂದು ಬಾಯಿಮಾತಿನಲ್ಲಿ ಹೇಳಿದರು.

ಮೂಲದಲ್ಲಿ ಇವರು ಯಾರು?

ನಾರ್ಸ್ ಪುರಾಣ ಎಂದರೆ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಐಸ್‌ಲ್ಯಾಂಡ್ ಕಡೆಯ ಹಳೆಯ ಜನರ ದೇವತೆಗಳ ಕಥೆಗಳು. ಇವು ನಮಗೆ ಉಳಿದು ಬಂದಿರುವುದು ಮುಖ್ಯವಾಗಿ ಐಸ್‌ಲ್ಯಾಂಡಿನ ಎರಡು ಗ್ರಂಥಗಳಿಂದ. ಒಂದು, ಹಳೆಯ ಹಾಡುಗಳ ಸಂಗ್ರಹ. ಅದರ ಮುಖ್ಯ ಹಸ್ತಪ್ರತಿ ಸುಮಾರು 1270ರದು. ಇನ್ನೊಂದು, ಸ್ನೋರಿ ಸ್ಟುರ್ಲುಸನ್ ಎಂಬ ವಿದ್ವಾಂಸ ಸುಮಾರು 1220ರಲ್ಲಿ ಬರೆದ ‘ಎಡ್ಡ’. ಐಸ್‌ಲ್ಯಾಂಡ್ ಸುಮಾರು ಕ್ರಿ.ಶ. 1000ದ ಹೊತ್ತಿಗೇ ಕ್ರೈಸ್ತ ಧರ್ಮ ಸ್ವೀಕರಿಸಿತ್ತು. ಅಂದರೆ ಆ ದೇವತೆಗಳ ಪೂಜೆ ನಿಂತು ಎರಡು ಶತಮಾನಗಳ ನಂತರ ಸ್ನೋರಿ ಬರೆದ. ಪುರಾಣ ಗೊತ್ತಿಲ್ಲದಿದ್ದರೆ ಹಳೆಯ ಕಾವ್ಯದ ಮಾತು ಎಳೆಯ ಕವಿಗಳಿಗೆ ಅರ್ಥವಾಗುವುದಿಲ್ಲ ಎಂಬುದು ಅವನ ಚಿಂತೆ. ನಮ್ಮ ಕವಿರಾಜಮಾರ್ಗದ ಹಾಗೆ ಅದೂ ಕಾವ್ಯ ಕಲಿಯುವವರಿಗೆ ಬರೆದ ಪುಸ್ತಕ.

ಆ ಗ್ರಂಥಗಳಲ್ಲಿ ಡ್ವಾರ್ಫರು ಕಲ್ಲಿನೊಳಗೆ, ನೆಲದೊಳಗೆ ವಾಸಿಸುವ ಮಹಾ ಕುಶಲಕರ್ಮಿಗಳು. ಥಾರ್‌ನ ಸುತ್ತಿಗೆ ಮಾಡಿದವರು ಅವರು. ಓಡಿನ್‌ನ ಈಟಿ ಮಾಡಿದವರೂ ಅವರೇ. ದೇವತೆಗಳ ಪ್ರಸಿದ್ಧ ಆಯುಧಗಳು ಇವರ ಕುಲುಮೆಯಿಂದ ಬಂದವು. ಇವರು ಗಿಡ್ಡರು ಎಂಬ ವರ್ಣನೆಗೆ ಆ ಹಳೆಯ ಮೂಲಗಳಲ್ಲಿ ಒತ್ತೇ ಇಲ್ಲ. ಗಿಡ್ಡ ರೂಪ ಗಟ್ಟಿಯಾದದ್ದು ನಂತರದ ಜನಪದ ಕಥೆಗಳಲ್ಲಿ. ಟೋಲ್ಕಿನ್ ಅವರು ತಮ್ಮ ಕಥೆಯಲ್ಲಿ ಆ ಗಿಡ್ಡ ರೂಪವನ್ನೇ ಇಟ್ಟುಕೊಂಡರು. ಹೀಗೆ ನೋಡಿದರೆ ‘ಕುಳ್ಳರು’ ಎಂಬ ನನ್ನ ಅನುವಾದ ಒಬ್ಬ ಹುಡುಗನಿಗೆ ನೋವು ಕೊಟ್ಟಿದ್ದಲ್ಲದೆ ವಿಷಯಕ್ಕೂ ಅಪಚಾರ ಮಾಡಿತ್ತು. ಅವರ ಕೆಲಸವನ್ನು ಹೇಳುವ ಬದಲು ಅಳತೆಯನ್ನು ಹೇಳಿತ್ತು.

ಎರಡನೇ ಅವಧಿ: ಮೂರು ಪ್ರಶ್ನೆಗಳು

ಮರುದಿನ ‘ಡ್ವಾರ್ಫರು: ನೆಲದೊಳಗಿನ ಕಮ್ಮಾರರು, ಅಕ್ಕಸಾಲಿಗರು’ ಎಂದು ಹಲಗೆಯ ಮೇಲೆ ಬರೆದು ಪಾಠ ಶುರುಮಾಡಿದೆ. ‘ನಿನ್ನೆ ನಾನು ಬರೆದ ಪದ ತಪ್ಪು’ ಎಂದು ಒಂದೇ ಸಾಲಿನಲ್ಲಿ ಹೇಳಿದೆ. ನಂತರ ಇಡೀ ಪಾಠವನ್ನು ಮೂರು ಪ್ರಶ್ನೆಗಳ ಮೇಲೆ ನಡೆಸಿದೆ: ಲೇಖಕ ಏನು ತೆಗೆದುಕೊಂಡ? ಏನು ಬದಲಿಸಿದ? ಯಾಕೆ ಬದಲಿಸಿರಬಹುದು?

ಮೊದಲು ಮಕ್ಕಳಿಗೆ ಗೊತ್ತಿದ್ದ ಥಾರ್ ಸಿನಿಮಾ. ಸಿನಿಮಾದಲ್ಲಿ ಲೋಕಿ ಥಾರ್‌ನ ಸಾಕುತಮ್ಮ. ಪುರಾಣದಲ್ಲಿ ಅವನು ಥಾರ್‌ನ ತಂದೆ ಓಡಿನ್‌ಗೆ ರಕ್ತದ ಆಣೆಯಿಂದ ಅಣ್ಣತಮ್ಮನಾದವನು. ಸಿನಿಮಾದ ಹೆಲಾ ಓಡಿನ್‌ನ ಮಗಳು. ಪುರಾಣದ ಹೆಲ್ ಲೋಕಿಯ ಮಗಳು. ಪುರಾಣದ ಥಾರ್‌ಗೆ ಕೆಂಪು ಗಡ್ಡ. ‘ಹಂಗಾದ್ರ ಸಿನಿಮಾದಾಗ ಅಣ್ತಮ್ಮ ಯಾಕ ಮಾಡಿದ್ರು?’ ಎಂದು ಒಬ್ಬಳು ಕೇಳಿದಳು. ನಾನು ಉತ್ತರಿಸುವ ಮೊದಲೇ ಹಿಂದಿನ ಬೆಂಚಿನಿಂದ ‘ಅಣ್ತಮ್ಮರ ಜಗಳ ಆದ್ರ ಜಾಸ್ತಿ ಮಜಾ’ ಎಂಬ ಉತ್ತರ ಬಂತು. ಮೂರನೇ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರ ನನ್ನ ಪಾಠ ಯೋಜನೆಯಲ್ಲೂ ಇರಲಿಲ್ಲ.

ನಂತರ ‘ದ ಹಾಬಿಟ್’. 1937ರಲ್ಲಿ ಇದು ಪ್ರಕಟವಾದಾಗ ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರು. ಉತ್ತರ ಪತ್ರಿಕೆ ತಿದ್ದುವಾಗ ಸಿಕ್ಕ ಒಂದು ಖಾಲಿ ಹಾಳೆಯ ಮೇಲೆ ಈ ಕಥೆಯ ಮೊದಲ ಸಾಲು ಗೀಚಿದೆನೆಂದು ಅವರೇ ಹೇಳಿಕೊಂಡಿದ್ದಾರೆ. ಐಸ್‌ಲ್ಯಾಂಡಿನ ಹಳೆಯ ಕಥೆಗಳನ್ನು ಮೂಲ ಭಾಷೆಯಲ್ಲೇ ಓದಲು ಸಹೋದ್ಯೋಗಿಗಳ ಒಂದು ಕೂಟವನ್ನೂ ಅವರು ಕಟ್ಟಿದ್ದರು. ಥೋರಿನ್ ಮತ್ತು ಅವನ ಸಂಗಡಿಗರ ಬಹುತೇಕ ಹೆಸರುಗಳು ಆ ಹಳೆಯ ಹಾಡುಗಳಲ್ಲೊಂದರ ಡ್ವಾರ್ಫರ ಪಟ್ಟಿಯಿಂದ ಬಂದವು. ಗ್ಯಾಂಡಾಲ್ಫ್ ಎಂಬುದೂ ಆ ಪಟ್ಟಿಯದೇ ಹೆಸರು. ಟೋಲ್ಕಿನ್ ಅದನ್ನು ಮಾಂತ್ರಿಕನಿಗೆ ಕೊಟ್ಟರು.

ಬಂಗಾರದ ಮೇಲೆ ಮಲಗುವ ಡ್ರ್ಯಾಗನ್ ಎಲ್ಲಿಂದ ಬಂತು? ನಾರ್ಸ್ ಕಥೆಯಲ್ಲಿ ಫಾಫ್ನಿರ್ ಎಂಬವನು ಬಂಗಾರಕ್ಕಾಗಿ ತಂದೆಯನ್ನೇ ಕೊಂದು, ಅದನ್ನು ಕಾಯುತ್ತ ಸರ್ಪವಾಗಿ ಬಿಡುತ್ತಾನೆ. ಇದನ್ನು ಹೇಳಿದ ಕೂಡಲೇ ಐದಾರು ಕೈಗಳು ಮೇಲೆದ್ದವು. ಜಿಪುಣ ಸತ್ತ ಮೇಲೆ ಹಾವಾಗಿ ಹುಟ್ಟಿ ನಿಧಿ ಕಾಯುತ್ತಾನೆ ಎಂದು ಅಜ್ಜಿ ಹೇಳಿದ್ದು ಅವರಿಗೆಲ್ಲ ಗೊತ್ತು. ಇಲ್ಲಿ ‘ಎರಡೂ ಒಂದೇ’ ಎಂದು ಮುಗಿಸುವ ಆಸೆ ಶಿಕ್ಷಕನಿಗೆ ಬರುತ್ತದೆ. ನಾನು ವ್ಯತ್ಯಾಸ ಕೇಳಿದೆ. ‘ನಮ್ದ್ರಾಗ ಸತ್ತ ಮ್ಯಾಲೆ ಹಾವು ಆಗ್ತಾನ, ಅವ್ರದ್ರಾಗ ಬದುಕಿದ್ದಾಗಲೇ’ ಎಂದು ಒಬ್ಬಳು ಹೇಳಿದಳು. ನಮ್ಮ ಕಥೆಯ ಹಿಂದೆ ಪುನರ್ಜನ್ಮದ ನಂಬಿಕೆ ಇದೆ ಎಂಬುದನ್ನು ಆ ಒಂದು ಮಾತಿನಿಂದ ವಿವರಿಸಲು ಸಾಧ್ಯವಾಯಿತು.

ಹಟ್ಟಿಯ ಹುಡುಗನ ಪ್ರಶ್ನೆ

ಕೊನೆಯಲ್ಲಿ, ಬಂಗಾರ ಸಿಕ್ಕ ಮೇಲೆ ಥೋರಿನ್‌ಗೆ ದುರಾಸೆ ಹತ್ತಿತು ಎಂದು ಹೇಳುತ್ತಿದ್ದೆ. ಒಬ್ಬ ಹುಡುಗ ಎದ್ದು ನಿಂತ. ‘ಸರ್, ನಮ್ಮಪ್ಪನೂ ಹಟ್ಟಿ ಗಣಿಯಾಗ ಇಳೀತಾನ್ರಿ. ನೆಲದಾಗ ಇಳಿದು ತಗದವರು ಅವರು. ಕಸಗೊಂಡಿದ್ದು ಡ್ರ್ಯಾಗನ್. ಅವರಿಗ್ಯಾಕ ದುರಾಸಿ ಅಂತೀರಿ?’

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿ ಈ ಭಾಗದ ಅನೇಕ ಮನೆಗಳ ಅನ್ನ. ಅಲ್ಲಿ ಬಹು ಹಿಂದಿನ ಕಾಲದಲ್ಲೇ ಚಿನ್ನ ತೆಗೆದ ಕುರುಹುಗಳೂ ಇವೆ. ಇಂಥ ತರಗತಿಯಲ್ಲಿ ಆ ಪ್ರಶ್ನೆ ಬರುತ್ತದೆಂದು ನಾನು ಮೊದಲೇ ಊಹಿಸಬೇಕಿತ್ತು. ಹಿಂದಿನ ರಾತ್ರಿ ಮೂಲ ಓದಿದ್ದು ನನ್ನನ್ನು ಉಳಿಸಿತು. ಫಾಫ್ನಿರ್ ಕಾಯುತ್ತಿದ್ದ ಆ ಬಂಗಾರವೂ ಮೊದಲು ಆಂಡ್ವರಿ ಎಂಬ ಡ್ವಾರ್ಫನದು. ಲೋಕಿ ಅವನನ್ನು ಹಿಡಿದು ಎಲ್ಲವನ್ನೂ ಕಿತ್ತುಕೊಂಡ, ಕೊನೆಗೆ ಬೆರಳಿನ ಉಂಗುರವನ್ನೂ ಬಿಡಲಿಲ್ಲ. ಆಗ ಆಂಡ್ವರಿ ಶಾಪ ಕೊಟ್ಟ. ‘ನಿನ್ನ ಪ್ರಶ್ನೆ ಆ ಹಳೆಯ ಕಥೆಯೊಳಗೇ ಇದೆ’ ಎಂದೆ.

ಆಮೇಲೆ ಟೋಲ್ಕಿನ್ ಕಥೆಗೆ ಮರಳಿದೆವು. ಬೆಟ್ಟದ ಬಂಗಾರವನ್ನು ಥೋರಿನ್‌ನ ಪೂರ್ವಜರು ದುಡಿದು ಸೇರಿಸಿದ್ದು ನಿಜ. ಆದರೆ ಆ ರಾಶಿಯಲ್ಲಿ ಪಕ್ಕದ ಊರಿನವರ ಒಡವೆಯೂ ಇತ್ತು. ಡ್ರ್ಯಾಗನ್‌ನನ್ನು ಕೊಂದದ್ದು ಬಾರ್ಡ್ ಎಂಬ ಬಿಲ್ಲುಗಾರ. ಅವನ ಊರು ಸುಟ್ಟು ಹೋಗಿತ್ತು. ಅವರು ಪಾಲು ಕೇಳಿದಾಗ ಥೋರಿನ್ ಬಾಗಿಲು ಮುಚ್ಚಿದ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ‘ತಗದಿದ್ದು ದುರಾಸಿ ಅಲ್ಲ, ಕೊಡದಿದ್ದು ದುರಾಸಿ’ ಎಂದ. ಮೌಲ್ಯಮಾಪನಕ್ಕೆಂದು ಸಿದ್ಧಮಾಡಿದ್ದ ಐದು ಪ್ರಶ್ನೆಗಳನ್ನು ಕೇಳುವ ಅಗತ್ಯ ನನಗೆ ಕಾಣಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಎರಡು ಅವಧಿಗಳಿಂದ ನಾನು ಕಲಿತದ್ದನ್ನು ಮೂರು ಮಾತಿನಲ್ಲಿ ಹೇಳುವೆ. ಒಂದು, ಹೊರನಾಡಿನ ಕಥೆಯ ಪದವನ್ನು ನಿಘಂಟಿನಿಂದ ನೇರವಾಗಿ ಹಲಗೆಗೆ ತರಬಾರದು. ಅದು ಮೂಲದಲ್ಲಿ ಏನನ್ನು ಹೇಳುತ್ತದೆ, ಈ ತರಗತಿಯಲ್ಲಿ ಯಾರ ಕಿವಿಗೆ ಹೇಗೆ ಕೇಳುತ್ತದೆ ಎಂಬುದೆರಡನ್ನೂ ನೋಡಬೇಕು. ಎರಡು, ‘ನಮ್ಮಲ್ಲೂ ಇದೆ’ ಎಂಬ ಹೋಲಿಕೆ ಪಾಠದ ಬಾಗಿಲು ಮಾತ್ರ. ವ್ಯತ್ಯಾಸ ಕೇಳಿದಾಗಲೇ ಮಕ್ಕಳು ಒಳಗೆ ಬರುತ್ತಾರೆ. ಮೂರು, ಪಾಠ ಯೋಜನೆಯಲ್ಲಿ ‘ವಿಷಯ ಜ್ಞಾನ’ ಎಂಬ ಅಂಕಣವನ್ನು ನಾವು ಎರಡು ಸಾಲಿನಲ್ಲಿ ತುಂಬಿಸಿ ಮುಗಿಸುತ್ತೇವೆ. ಮಗುವಿನ ನಿಜವಾದ ಪ್ರಶ್ನೆ ಎದುರಾದಾಗ ಕೈಹಿಡಿಯುವುದು ಆ ಅಂಕಣವೇ.

ಮಸ್ಕಿಯಲ್ಲಿ ಕುಳಿತು ಹೆಸರಿನ ಮಹತ್ವ ಬರೆಯುವಾಗ ಇಲ್ಲಿನ ಬಂಡೆ ನೆನಪಾಗದೆ ಇರದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಇಲ್ಲಿನ ಶಾಸನವನ್ನು ಗುರುತಿಸಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಬಿರುದುಗಳಿಂದ ಮಾತ್ರ ಕಾಣುತ್ತಿದ್ದ ಅರಸನ ಸ್ವಂತ ಹೆಸರು, ಅಶೋಕ, ಇಲ್ಲಿ ಓದಲು ಸಿಕ್ಕಿತು. ನನ್ನ ತರಗತಿಯ ಮಕ್ಕಳೆಲ್ಲ ಆ ಬಂಡೆ ನೋಡಿದವರು.

ಮೂರನೇ ಸಾಲಿನ ಹುಡುಗನ ಅಡ್ಡಹೆಸರು ಹೋಯಿತೆಂದು ಬರೆದರೆ ಅದು ಸುಳ್ಳಾಗುತ್ತದೆ. ಬೋಧನಾಭ್ಯಾಸದ ಕೊನೆಯ ದಿನವೂ ಮೈದಾನದಲ್ಲಿ ಆ ಕೂಗು ಕೇಳಿಸಿತು. ಆದರೆ ಎರಡನೇ ಅವಧಿಯ ನಂತರ ಅವನು ಒಪ್ಪಿಸಿದ ನಿಯೋಜಿತ ಕಾರ್ಯದಲ್ಲಿ ಥಾರ್‌ನ ಸುತ್ತಿಗೆಯ ಚಿತ್ರವಿತ್ತು. ಪಕ್ಕದಲ್ಲಿ ಕುಲುಮೆ, ಕುಲುಮೆಯ ಮುಂದೆ ಒಬ್ಬ ಕೆಲಸಗಾರ. ಅವನ ಹೆಸರು ಬ್ರೊಕ್ ಎಂದು ಕೆಳಗೆ ಬರೆದಿದ್ದ. ಅದನ್ನು ನಾನು ಹಲಗೆಯ ಮೂಲೆಯಲ್ಲಿ ಒಮ್ಮೆ ಮಾತ್ರ ಬರೆದಿದ್ದೆ. ಅವನು ಗಮನಿಸಿದ್ದ.